ನಾಲ್ಕನೇ ಪುಟದ ಬೆನ್ನು

ಬೆಳಗಿನ ಬಿಸಿಲು ಕಿಟಕಿಗೆ ಬಂದಾಗ ಚೀಟಿಯ ಒಳಗಿನಿಂದ ಇನ್ನೊಂದು ಚೀಟಿ ಮೇಲೆದ್ದು ಬಂತು.

ಆರೈಕೆಯವಳು ಯಾವ ದಿನ, ಎಷ್ಟು ಗಂಟೆಗೆ ಬರುತ್ತಾಳೆ ಅಂತ ನಗರಸಭೆಯವರು ವಾರಕ್ಕೊಮ್ಮೆ ಕಳಿಸುವ ಚೀಟಿ ಅದು. ಕಿಟಕಿ ಸರಳಿಗೆ ಬಟ್ಟೆ ಕ್ಲಿಪ್ಪು ಹಾಕಿ ಸಿಕ್ಕಿಸಿತ್ತು. ‘ಸೋಮವಾರ ಎಂಟೂವರೆ, ಬುಧವಾರ ಎಂಟೂವರೆ’ ಅನ್ನುವ ಅಕ್ಷರಗಳ ಹಿಂದೆ, ನೀರಿನಡಿಯ ಮೀನುಗಳ ಹಾಗೆ, ತಿರುಗುಮುರುಗಾದ ಸಾಲುಗಳು ಈಜುತ್ತಿದ್ದವು.

ಮೂವತ್ತಾರು ವರ್ಷ ಮುದ್ರಣಾಲಯದಲ್ಲಿ ಪುಸ್ತಕ ಹೊಲಿದವಳು ಆ ಮನೆಯೊಡತಿ. ರಟ್ಟು ಕೊಯ್ದೂ ಕೊಯ್ದೂ ಎಲ್ಲರ ಬಾಯಲ್ಲಿ ರಟ್ಟಕ್ಕನಾಗಿದ್ದಳು. ಈಗ ಕೈ ನಡುಗುತ್ತದೆ, ತಲೆಗೆ ನೀರು ಹೊಯ್ಯಲು ಇನ್ನೊಬ್ಬರು ಬೇಕು. ಆದರೆ ಕಾಗದಕ್ಕೆ ಎರಡು ಮುಖ ಅನ್ನುವುದನ್ನು ಬೆರಳು ಮರೆತಿಲ್ಲ. ಕ್ಲಿಪ್ಪು ತೆಗೆದು ತಿರುಗಿಸಿದಳು.

‘ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಶೌಚಕ್ಕೆ ಒಬ್ಬರ ಆಸರೆ ಬೇಕು. ಗಡಿಯಾರ ರಿಪೇರಿ ಕೆಲಸ, ಈಗಲೂ ಮನೆಯಲ್ಲೇ. ಆಗಾಗ ಒಳಕೋಣೆಯ ಕಡೆ ತಿರುಗಿ ಹೆಂಡತಿಯನ್ನು ಕರೆಯುತ್ತಾರೆ. ಹೆಂಡತಿ ತೀರಿಕೊಂಡು ಆರು ವರ್ಷ.’

ರಟ್ಟಕ್ಕ ಅಂಗೈಯಿಂದ ಆ ಸಾಲುಗಳನ್ನು ಮುಚ್ಚಿದಳು. ಯಾರೋ ಮೀಯುತ್ತಿರುವ ಬಚ್ಚಲಿನ ಬಾಗಿಲು ತಿಳಿಯದೆ ತೆಗೆದ ಹಾಗಾಗಿತ್ತು. ಇದು ಕೆಳಮನೆಯ ಗಡಿಯಾರದವರ ಪುಟ. ಹಾಗಾದರೆ ತನ್ನ ಪುಟ ಯಾರ ಕಿಟಕಿಯಲ್ಲಿದೆ?

ಎರಡು ತಿಂಗಳ ಹಿಂದೆ ನಗರಸಭೆಯಿಂದ ವಿಚಾರಿಸುವವಳು ಬಂದು ಇದೇ ಮೇಜಿನ ಬಳಿ ಕೂತಿದ್ದಳು. ಬೆಣ್ಣೆಯಂಥ ದನಿ. ಐದು ಪುಟದ ಅರ್ಜಿ. ಒಬ್ಬರೇ ಮೀಯುತ್ತೀರಾ, ಬಟ್ಟೆ ಒದ್ದೆಯಾಗುತ್ತದಾ, ಅಳು ಬರುತ್ತದಾ? ನಾಲ್ಕನೇ ಪುಟದ ಮೇಲೆ ‘ನೆನಪು’ ಅಂತಿತ್ತು. “ಇದು ನಮ್ಮಿಬ್ಬರ ನಡುವೆ ಇರುತ್ತಮ್ಮ,” ಅಂದಿದ್ದಳು. ಆ ದನಿಗೆ ಸೋತು ರಟ್ಟಕ್ಕ ಹೇಳಿಬಿಟ್ಟಿದ್ದಳು: “ಕೆಲವು ಬೆಳಗ್ಗೆ ಮಗಳ ಹೆಸರು ಸಿಗಲ್ಲ. ಮುಖ ಇರುತ್ತೆ, ನಗು ಇರುತ್ತೆ, ಹೆಸರಿನ ಜಾಗದಲ್ಲಿ ಬಿಳೀ ಕಾಗದ. ಅವಳಿಗೆ ಮಾತ್ರ ಹೇಳ್ಬೇಡಿ.”

ವಿಚಾರಿಸುವವಳು ಅದನ್ನೂ ಬರೆದುಕೊಂಡಿದ್ದಳು. ‘ಮಗಳಿಗೆ ತಿಳಿಸಬಾರದೆಂದು ಕೋರಿದ್ದಾರೆ.’

ಮಗಳು ಸಿಟಿ ಬಸ್ಸಿನ ಚಾಲಕಿ, ಇಡೀ ಡಿಪೋಗೆ ಒಬ್ಬಳೇ. ಹೆಂಗಸಿಗೆ ದೊಡ್ಡ ಗಾಡಿ ಬಗ್ಗುವುದಿಲ್ಲ ಅಂತ ಒಂಬತ್ತು ವರ್ಷ ಟಿಕೆಟ್ ಹರಿಯುವುದಕ್ಕೇ ಇಟ್ಟುಕೊಂಡಿದ್ದರು. ಜಗಳವಾಡಿ, ಅರ್ಜಿ ಮೇಲೆ ಅರ್ಜಿ ಹಾಕಿ ಆ ಸೀಟು ಹತ್ತಿದವಳು. ಇದು ತಿಳಿದರೆ ಸ್ಟಿಯರಿಂಗ್ ಬಿಟ್ಟು ಬಂದು ಅಮ್ಮನ ಮಂಚದ ಪಕ್ಕ ಕೂರುತ್ತಾಳೆ. ಆ ಒಂದು ಸಾಲಿಗೆ ಒಂದು ಬಸ್ಸನ್ನು ನಿಲ್ಲಿಸುವ ಶಕ್ತಿ ಇತ್ತು.

ಸದ್ಯಕ್ಕೆ ಅವಳು ಖುಷಿಯಾಗಿದ್ದಾಳೆ. ಮೂರು ವಾರದಿಂದ ಹೊಸದೊಂದು ಹುಡುಗಾಟ ಬೇರೆ. ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, ನಿಲ್ದಾಣ ಕೂಗುವ ಹಾಗೆ ತನ್ನ ಹೆಸರನ್ನೇ ಕೂಗಿ, “ಇಳಿಯೋರು ಇಳ್ಕೊಳ್ಳಿ!” ಅನ್ನುತ್ತಾಳೆ.

ಎಂಟೂವರೆಗೆ ಆರೈಕೆಯವಳು ಏದುಸಿರು ಬಿಡುತ್ತ ಒಳಬಂದಳು. ರಟ್ಟಕ್ಕ ಅವಳಿಗೆ ಗಡಿಬಿಡಿ ಅಂತ ಹೆಸರಿಟ್ಟಿದ್ದಳು.

“ಏನ್ರೀ ರಟ್ಟಕ್ಕ, ಇನ್ನೂ ಇಲ್ಲೇ ಕೂತಿದೀರಿ? ನನಗೆ ಕೊಟ್ಟಿರೋದು ಇಪ್ಪತ್ತೈದು ನಿಮಿಷ. ಅದರಲ್ಲಿ ಮೂರು ನಿಮ್ಮ ಮೆಟ್ಟಿಲೇ ನುಂಗ್ತು.”

“ಈ ಚೀಟಿ ಎಲ್ಲಿಂದ ತರ್ತೀಯೇ?”

“ಆಫೀಸಿಂದ. ಅರ್ಜಿ ಕಂಪ್ಯೂಟರಿಗೆ ಏರಿಸಿದ ಮೇಲೆ ಕಾಗದ ರದ್ದಿ ಅಲ್ವಾ? ಒಂದು ಮಗ್ಗುಲು ಖಾಲಿ ಇರೋದನ್ನೆಲ್ಲ ಒಂದು ಟ್ರೇಗೆ ಹಾಕ್ತಾರೆ. ನಮ್ಮ ಚೀಟಿನ ಅದರ ಬೆನ್ನಿಗೆ ಹೊಡೀತಾರೆ. ಮರ ಉಳಿಸ್ತಾರಂತೆ! ಗೋಡೆ ಮೇಲೆ ಮೆಚ್ಚುಗೆ ಪತ್ರ ಬೇರೆ ತೂಗುಹಾಕಿದಾರೆ, ಹಸಿರೆಲೆ ಚಿತ್ರದ್ದು.”

“ಮರ ಉಳಿಸಿ ಮನುಷ್ಯರನ್ನ ಹಂಚಿದ್ರಾ?”

ರಟ್ಟಕ್ಕ ಕಾಗದ ತಿರುಗಿಸಿ ಹಿಡಿದಳು. ಗಡಿಬಿಡಿಯ ಕೈಯ ಸೋಪು ಹಾಗೇ ನಿಂತಿತು.

“ಅಯ್ಯೋ. ನಾನು ಒಂದಿನಾನೂ ತಿರುಗಿಸಿ ನೋಡಿಲ್ಲ ಕಣ್ರಕ್ಕ. ಓದೋಕೆ ಪುರುಸೊತ್ತು ಕೊಟ್ಟೋರು ಯಾರು?”

ಬೆಚ್ಚನೆ ನೀರು ಬೆನ್ನ ಮೇಲೆ ಇಳಿಯಿತು. ಹಬೆಯಲ್ಲಿ ಕಣ್ಣು ಮುಚ್ಚಿದಾಗ ತನ್ನ ಮೈಮೇಲಿಂದ ಸಾಲು ಸಾಲು ಅಕ್ಷರ ಕಳಚಿ ಮೋರಿಯ ಕಡೆ ಹರಿದುಹೋಗುತ್ತಿವೆ ಅನ್ನಿಸಿತು ಅವಳಿಗೆ. ಒಂದೊಂದನ್ನೂ ಯಾರೋ ಆ ತುದಿಯಲ್ಲಿ ಬೊಗಸೆಯೊಡ್ಡಿ ಹಿಡಿದುಕೊಳ್ಳುತ್ತಿದ್ದರು.

“ನಿನಗೆ ಎಷ್ಟು ಮನೆ?”

“ಹನ್ನೊಂದು.”

“ಎಲ್ಲಾ ಮನೇಲೂ ಕೇಳು. ಹಳೇ ಚೀಟಿ ಇದ್ರೂ ತಗೊಂಡು ಬಾ. ನನ್ನ ನಾಲ್ಕನೇ ಪುಟ ನನಗೆ ಬೇಕು, ಮಗಳ ಕಣ್ಣಿಗೆ ಬೀಳೋದಕ್ಕೆ ಮುಂಚೆ.”

ಅವತ್ತೇ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಗಡಿಯಾರದವರ ಬಾಗಿಲು ತಟ್ಟಿದಳು. ಒಳಗೆ ನೂರು ಗಡಿಯಾರ, ನೂರು ಹೊತ್ತು. ಒಂದರಲ್ಲಿ ಬೆಳಗು, ಇನ್ನೊಂದರಲ್ಲಿ ಸಂಜೆ. ಅವರು ಕಾಗದ ತೆಗೆದುಕೊಂಡು, ಕಣ್ಣಿನ ಭೂತಗನ್ನಡಿ ಸರಿಸಿ, ಎರಡೂ ಮುಖ ನೋಡಿದರು.

“ಓದಿದ್ರಾ?”

“ಓದ್ದೆ. ಸುಳ್ಳು ಹೇಳಲಾರೆ.”

“ನಮ್ಮಾಕೇನ ಕರೀತೀನಿ ಅನ್ನೋದನ್ನ ನಾನು ಆ ವಿಚಾರಿಸೋರಿಗೆ ಹೇಳಿರಲಿಲ್ಲ ರಟ್ಟಕ್ಕ. ಪಕ್ಕದಲ್ಲಿ ಕೂತಿದ್ದಾಗ ಕೇಳಿಸ್ಕೊಂಡು ಬರ್ಕೊಂಡಿದಾರೆ.” ಕಪಾಟಿನ ಬಾಗಿಲು ತೆಗೆದರು. ಒಳಮಗ್ಗುಲಿಗೆ ಒಂದು ಚೀಟಿ, ಬರಹದ ಮುಖ ಮರದ ಕಡೆಗಿಟ್ಟು ಅಂಟಿಸಿತ್ತು. “ನನಗೂ ಬಂತು, ಯಾರದ್ದೋ. ಎರಡು ಸಾಲಿಗೇ ಭೂತಗನ್ನಡಿ ತೆಗೆದಿಟ್ಟೆ. ದಿನಕ್ಕೆ ಆರು ಗಡಿಯಾರ ಬಿಚ್ತೀನಿ. ಬಿಚ್ಚೋಕೆ ಮುಂಚೆ ಅದರ ಮಾಲೀಕನ್ನ ಕೇಳ್ತೀನಿ.”

ನಾಲ್ಕು ದಿನದಲ್ಲಿ ಗಡಿಬಿಡಿ ಇಪ್ಪತ್ತಮೂರು ಪುಟ ತಂದಳು. ಒಂದು ಮನೆಯವರು ಮಾತ್ರ ‘ಕಳೆದುಹೋಯ್ತು’ ಅಂದರಂತೆ. ಪುಟದ ಮೇಲೆ ಹೆಸರಿದ್ದವರನ್ನೆಲ್ಲ ಹುಡುಕಿ ಕೇಳಿಬಂದಳು. ಐವರು ತಮ್ಮದನ್ನು ವಾಪಸ್ ಪಡೆದು ಒಲೆಗೆ ಹಾಕಿದರು. ಉಳಿದವರು, “ರಟ್ಟಕ್ಕನ ಹತ್ರಾನೇ ಇರ್ಲಿ, ನಗರಸಭೆಯೋರಿಗೆ ತೋರಿಸ್ಲಿ,” ಅಂದರು. ರಟ್ಟಕ್ಕನ ನಾಲ್ಕನೇ ಪುಟ ಅದರಲ್ಲಿ ಇರಲಿಲ್ಲ.

ತನ್ನ ರಜೆಯ ದಿನ ಗಡಿಬಿಡಿ ಅವಳನ್ನು ನಗರಸಭೆಗೆ ಕರೆದೊಯ್ದಳು. ಹಸಿರೆಲೆಯ ಮೆಚ್ಚುಗೆ ಪತ್ರದ ಕೆಳಗೆ ಆರೈಕೆ ವಿಭಾಗದ ಅಧಿಕಾರಿ ಕೂತಿದ್ದ.

“ಕಾಗದ ಹೋದ್ರೆ ಹೋಗ್ಲಿ ಬಿಡಿಯಮ್ಮ. ನಿಮ್ಮ ಮಾಹಿತಿ ಕಂಪ್ಯೂಟರಲ್ಲಿ ಭದ್ರವಾಗಿದೆ.”

“ಎಷ್ಟು ಜನ ಓದಿದಾರೆ ಅದನ್ನ?”

ಅವನು ಪರದೆ ನೋಡಿದ. “ನಿಮ್ಮನ್ನ ನೋಡ್ಕೊಳ್ಳೋಕೆ ಯಾರು ಒಪ್ತಾರೆ ಅಂತ ಏಳು ಸಂಸ್ಥೆಗೆ ಕಳಿಸಿದ್ವಿ. ಒಂದು ಸಂಸ್ಥೆಯವರು ಒಪ್ಕೊಂಡ್ರು.”

“ಉಳಿದ ಆರು?”

“ಅವರು ಒಪ್ಪಲಿಲ್ಲ.”

“ನನ್ನನ್ನ ಒಪ್ಪಲಿಲ್ಲ. ನನ್ನ ಪುಟ ಮಾತ್ರ ಇಟ್ಕೊಂಡ್ರು.”

“ನೀವೇ ಸಹಿ ಹಾಕಿದೀರಲ್ಲಮ್ಮ.”

“ಸ್ನಾನಕ್ಕೆ ಹಾಕಿದ ಸಹಿ ಅದು! ಒಬ್ಬಳು ಮೀಯಿಸ್ಲಿ ಅಂತ ಮೈ ಬಿಚ್ಚಿದ್ದು. ನೀವು ಬೀದೀಲಿ ನಿಲ್ಲಿಸಿ ಬಿಚ್ಚಿದ್ರಿ.”

ಅಧಿಕಾರಿ ಕರವಸ್ತ್ರ ತೆಗೆದ. “ಆ ಪುಟಗಳನ್ನ ಇಲ್ಲಿ ಕೊಡಿ. ದೂರಿದ್ರೆ ಬರೆದುಕೊಡಿ, ಅದಕ್ಕೊಂದು ಫಾರಂ ಇದೆ.”

ರಟ್ಟಕ್ಕ ಪುಟಗಳನ್ನು ಕೊಡಲಿಲ್ಲ. ಫಾರಂ ಈಸಿಕೊಂಡು ಅಭ್ಯಾಸಬಲದಿಂದ ತಿರುಗಿಸಿ ನೋಡಿದಳು. ಬೆನ್ನು ಖಾಲಿ ಇತ್ತು. ಇವತ್ತು ಇದರಲ್ಲಿ ಏನು ಬರೆದರೂ ಮುಂದಿನ ವಾರ ಯಾರದೋ ಕಿಟಕಿಗೆ ಹೋಗುತ್ತದೆ.

ಮಧ್ಯಾಹ್ನದ ನಿದ್ದೆಯಲ್ಲಿ ಮುದ್ರಣಾಲಯ ಬಂತು. ಯಂತ್ರದಿಂದ ಬಿಸಿಬಿಸಿ ಹಾಳೆಗಳು ಇಳಿಯುತ್ತಿದ್ದವು. ಮುಟ್ಟಿದರೆ ಚರ್ಮದ ಹಾಗೆ ಮೆತ್ತಗೆ, ಕಿವಿಗೆ ಹಿಡಿದರೆ ಒಳಗೆ ಎದೆಬಡಿತ. ಮಡಚಿ ಜೋಡಿಸಿದರೆ ಒಂದು ಹಾಳೆ ಕಡಿಮೆ. “ಬಿಟ್ಟು ಹೊಲಿ, ಯಾರು ಎಣಿಸ್ತಾರೆ?” ಅಂದ ಮಾಲೀಕ. “ನಾನು ಎಣಿಸ್ತೀನಿ,” ಅಂದಳು. ಹಾಳೆಗಳೆಲ್ಲ ಒಮ್ಮೆಗೇ ರೆಕ್ಕೆ ಬಿಚ್ಚಿ ಛಾವಣಿಗೇರಿದವು. ಅವುಗಳ ನಡುವಿನಿಂದ ಯಾರೋ ಒಂದು ಹೆಸರು ಕೂಗಿದರು.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಸಂಜೆಯ ಬಿಸಿಲು, ಬಿಸಿಲಲ್ಲಿ ಮಗಳು. ಕೂಗಿದ್ದು ಅವಳೇ, ತನ್ನ ಹೆಸರನ್ನೇ. “ಇಳಿಯೋರು ಇಳ್ಕೊಳ್ಳಿ!”

ಮೇಜಿನ ಮೇಲೆ ಹದಿನೆಂಟು ಪುಟಗಳು ಹಾಗೇ ಇದ್ದವು. ರಟ್ಟಕ್ಕ ಮುಚ್ಚಲು ಕೈ ಚಾಚಿದಳು. ಮಗಳು ನಗು ನಿಲ್ಲಿಸಿದಳು. ಎದುರಿಗೆ ಕೂತು, ಖಾಕಿ ಅಂಗಿಯ ಜೇಬಿನ ಗುಂಡಿ ಬಿಚ್ಚಿ, ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಿಟ್ಟಳು. ಮಡಿಕೆಗಳು ಸವೆದಿದ್ದವು.

“ನಮ್ಮ ಕಂಡಕ್ಟರ್ ತಾಯಿನ ನೋಡ್ಕೊಳ್ಳೋಕೂ ನಿನ್ನ ಗಡಿಬಿಡೀನೇ ಬರ್ತಾಳೆ. ಅವರ ಚೀಟಿ ಬೆನ್ನಲ್ಲಿ ‘ಮಗಳು ಬಸ್ ಚಾಲಕಿ’ ಅಂತಿತ್ತಲ್ಲ, ಅವನಿಗೆ ಗೊತ್ತಾಯ್ತು. ತಲೆ ತಗ್ಗಿಸ್ಕೊಂಡು ತಂದುಕೊಟ್ಟ. ಮೂರು ವಾರ ಆಯ್ತಮ್ಮ.”

“ಮೂರು ವಾರ,” ಅಂದಳು ರಟ್ಟಕ್ಕ. ಬಾಗಿಲಲ್ಲಿ ಕೂಗಿದ ಹೆಸರುಗಳೆಲ್ಲ ಒಂದೊಂದಾಗಿ ವಾಪಸ್ ಬಂದು ಮೇಜಿನ ಸುತ್ತ ಕೂತ ಹಾಗಾಯಿತು. “ಮತ್ತೆ ಬಸ್ಸು?”

“ಬಿಡಲ್ಲ. ಮೊದಲ ದಿನ ರಜೆ ಅರ್ಜಿ ಬರೆದೆ, ಹರಿದುಹಾಕಿದೆ. ನಾನು ಬಸ್ ಬಿಟ್ರೆ ನೀನು ನನ್ನ ಹೆಸರು ಮಾತ್ರ ಅಲ್ಲ, ನನ್ನ ಮುಖಾನೂ ಮರೀತೀಯ, ಬೇಕು ಅಂತಲೇ.”

ರಟ್ಟಕ್ಕನಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. “ನಾನೇ ಹೇಳ್ತಿದ್ದೆ ಕಣೇ. ಒಂದಲ್ಲ ಒಂದಿನ, ನನಗೆ ಬೇಕಾದ ದಿನ.”

“ಗೊತ್ತು. ಆ ದಿನಾನ ಅವರು ಕಿತ್ಕೊಂಡ್ರು.”

ಇಬ್ಬರೂ ಕೂತು ಹತ್ತೊಂಬತ್ತು ಪುಟಗಳನ್ನೂ ಪುಸ್ತಕವಾಗಿ ಹೊಲಿದರು. ಬರಹ ಒಳಗೆ ಬರುವಂತೆ ಪುಟ ಮಡಚಿ, ನಾಲ್ಕೂ ಅಂಚಿಗೆ ಹೊಲಿಗೆ. ದಬ್ಬಣ ಎಲ್ಲಿ ಚುಚ್ಚಬೇಕೆಂದು ಅಮ್ಮನ ಬೆರಳು ತೋರಿಸಿತು, ದಾರ ಎಳೆದದ್ದು ಮಗಳು. ಮೇಲೆ ಗಟ್ಟಿ ರಟ್ಟು. ರಟ್ಟಿನ ಮೇಲೆ ಗಡಿಯಾರದವರು ತಮ್ಮ ಸಣ್ಣ ಕೈಬರಹದಲ್ಲಿ ಬರೆದುಕೊಟ್ಟರು: ‘ಬಿಚ್ಚುವ ಮುಂಚೆ ಕೇಳಿ.’ ಮೊದಲ ಹಾಳೆಯಲ್ಲಿ ಹತ್ತೊಂಬತ್ತು ಜನರ ಬೇಡಿಕೆ: ಆ ಟ್ರೇ ತೆಗೀರಿ, ನಮ್ಮನ್ನು ಯಾರ್ಯಾರು ಓದಿದರೋ ಅವರ ಪಟ್ಟಿ ಕೊಡಿ, ನಮ್ಮನ್ನು ಒಪ್ಪದ ಸಂಸ್ಥೆಗಳಲ್ಲಿ ಅಳಿಸಿಹಾಕಿಸಿ. ಕೊಡುವವರೆಗೂ ದಿನಾ ಬರುತ್ತೇವೆ.

ಮರುದಿನ ಮಗಳ ಬಸ್ಸಿನಲ್ಲಿ, ಚಾಲಕಿಯ ಹಿಂದಿನ ಸೀಟಿನಲ್ಲಿ, ರಟ್ಟಕ್ಕ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಗಡಿಯಾರದವರು, ಅವರ ಊರುಗೋಲು. ಹಿಂದೆ ಇನ್ನೂ ಐದಾರು ಜನ, ಅವರನ್ನು ಹತ್ತಿಸಿ ಕೂರಿಸಿದ ಗಡಿಬಿಡಿ. ಬೀದಿಗಳು ನಿದ್ದೆಗಣ್ಣಲ್ಲಿ ತೇಲಿ ಹಿಂದೆ ಹೋಗುತ್ತಿದ್ದವು. ಕನ್ನಡಿಯಲ್ಲಿ ಮಗಳ ಮುಖ ಇತ್ತು, ನಗು ಇತ್ತು. ಹೆಸರಿನ ಜಾಗದಲ್ಲಿ, ಅವತ್ತು, ಬಿಳೀ ಕಾಗದ.

ರಟ್ಟಕ್ಕ ಮುಂದೆ ಬಾಗಿದಳು. ಯಾರ ಅರ್ಜಿಯೂ ಇಲ್ಲದೆ, ತನ್ನದೇ ಬಾಯಲ್ಲಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

“ನಿನ್ನ ಹೆಸರೇನೇ ಮಗಳೇ? ಇವತ್ತು ಸಿಗ್ತಿಲ್ಲ.”

ಮಗಳು ಕನ್ನಡಿಯಲ್ಲಿ ಅಮ್ಮನನ್ನು ನೋಡಿದಳು. ಹೆಸರು ಹೇಳಿದಳು. ಆಮೇಲೆ ದೊಡ್ಡ ಗಾಡಿಯನ್ನು ಒಂದೇ ಕೈಯಲ್ಲಿ ಬಗ್ಗಿಸಿ ನಗರಸಭೆಯ ಮೆಟ್ಟಿಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿದಳು.

“ಇಳಿಯೋರು ಇಳ್ಕೊಳ್ಳಿ.”