ದನಿ ಕೊಟ್ಟವರು

ಕೆಂಪು ದೀಪ ಹತ್ತಿದ ಮೇಲೂ ಹೊಳೆಮ್ಮನ ಬಾಯಿಂದ ದನಿ ಹೊರಡಲಿಲ್ಲ. ಮುಂದೆ ಮೈಕು, ಮೈಕಿನಾಚೆ ದಪ್ಪ ಗಾಜು, ಗಾಜಿನಾಚೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಶಂಭುಲಿಂಗ. ಹೊಸಪೇಟೆಯ ರೇಡಿಯೋ ಕೇಂದ್ರದಲ್ಲಿ ಕಥೆ, ಕವಿತೆ ಓದಿಸುವ ಕಾರ್ಯಕ್ರಮ ಅವರದು. ಆ ಕೋಣೆಯಲ್ಲಿ ಫ್ಯಾನಿನ ಸದ್ದು ಕೂಡ ಇರಲಿಲ್ಲ. ಹನ್ನೊಂದು ವರ್ಷದಿಂದ ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳಿಗೆ ಅಂಥ ನಿಶ್ಶಬ್ದದ ಅಭ್ಯಾಸವೇ ಇಲ್ಲ. ಕೈಯಲ್ಲಿದ್ದ ನಾಲ್ಕು ಹಾಳೆಯ ಅಂಚನ್ನು ಮತ್ತೆ ಮತ್ತೆ ಸರಿಮಾಡಿಕೊಂಡಳು.

ದೀಪ ಆರಿತು. ಶಂಭುಲಿಂಗ ಬಾಗಿಲು ತೆರೆದು ಒಳಗೆ ಬಂದರು.

“ನೀರು ಕುಡೀರಿ ಮೇಡಂ. ಮೊದಲ ಸಲ ಎಲ್ಲಾರಿಗೂ ಹಿಂಗ ಆಗತೈತಿ.” ಲೋಟ ಮುಂದೆ ಸರಿಸಿ, “ಒಂದು ಕೆಲಸ ಮಾಡೋಣೇನ್ರಿ? ನಮ್ಮ ಪೂಜಿತಾ ಅಂತ ಹುಡುಗಿ ಅದಾಳ, ಭಾಳ ಚಲೋ ಓದತಾಳ. ಕಥಿ ನಿಮ್ದ, ಹೆಸರು ನಿಮ್ದ. ದನಿ ಅಷ್ಟ ಆಕೀದು” ಎಂದರು.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ಮಾತು ತನಗೆ ಎಲ್ಲಿ ಹೋಗಿ ತಾಗಿತು ಎಂಬುದನ್ನು ಹೊಳೆಮ್ಮ ಅವರಿಗೆ ಹೇಗೆ ತಿಳಿಸಿಯಾಳು?

ಅವಳಿಗೆ ಎಂಟು ವರ್ಷವಿದ್ದಾಗ ಹಂಪಿಯ ಹೊಳೆ ದಂಡೆಗೆ ಸಿನಿಮಾದವರು ಬಂದಿದ್ದರು. ಅವಳಪ್ಪ ಪಾಲಪ್ಪ ಅಲ್ಲಿ ಹರಿಗೋಲು ನಡೆಸುತ್ತಿದ್ದ. ಬೆಂಗಳೂರಿನಿಂದ ಕರೆತಂದಿದ್ದ ಹುಡುಗಿ ನೀರಿನ ಮೇಲೆ ಗಿರಗಿರ ತಿರುಗುವ ಹರಿಗೋಲನ್ನು ನೋಡಿ ಹತ್ತುವುದೇ ಇಲ್ಲವೆಂದು ರಚ್ಚೆ ಹಿಡಿಯಿತು. ಬಂಡೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದ ಹೊಳೆಮ್ಮ ಅದನ್ನು ನೋಡಿ ಕಿಸಕ್ಕನೆ ನಕ್ಕಳು. ನಿರ್ದೇಶಕ ತಿರುಗಿ ನೋಡಿದ. ಮರುದಿನವೇ ಅವಳಿಗೆ ಹೊಸ ಲಂಗ, ಎರಡು ಜಡೆ, ಹೊಸ ಹೆಸರು. ಹೊಳೆಮ್ಮ ಎಂಬುದು ಪೋಸ್ಟರಿನ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಬೇಬಿ ವರ್ಷಿಣಿ ಎಂದಿಟ್ಟರು.

ಹರಿಗೋಲಿನವನೊಬ್ಬ ಹೊಳೆಯಲ್ಲಿ ಮುಳುಗಿ, ಅವನ ಮಗಳು ದಂಡೆಯ ಮೇಲೆ ನಿಂತು ಅಳುವುದೇ ಸಿನಿಮಾದ ಮುಖ್ಯ ದೃಶ್ಯ. ಹೊಳೆಮ್ಮನಿಗೆ ಅಳು ಬರಲೇ ಇಲ್ಲ. ಕಣ್ಣಿಗೆ ಏನೋ ಹಚ್ಚಿದರು, ಗದರಿದರು. ಅವಳಿಗೆ ನಗು ಬಂತು. ಮಧ್ಯಾಹ್ನವಾಯಿತು. ಕೊನೆಗೆ ನಿರ್ದೇಶಕ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, “ಪುಟ್ಟಾ, ನಿಮ್ಮಪ್ಪ ನಿಜವಾಗಲೂ ನೀರಿಗೆ ಬಿದ್ದುಬಿಟ್ಟರಂತೆ. ಹುಡುಕ್ತಾ ಇದ್ದಾರೆ” ಎಂದ. ಹೊಳೆಮ್ಮ “ಯಪ್ಪಾ!” ಎಂದು ಚೀರಿ ಹೊಳೆಗೆ ಓಡಿದಳು. ಎದೆಮಟ್ಟ ನೀರಿನಲ್ಲಿ ಯಾರೋ ಹಿಡಿದು ಎತ್ತಿದರು. ದಂಡೆಯ ತುಂಬ ಚಪ್ಪಾಳೆ. ಆಮೇಲೆ ಎಲ್ಲಿಂದಲೋ ಅಪ್ಪ ಬಂದು ಅವಳನ್ನು ಹೆಗಲಿಗೆ ಹಾಕಿಕೊಂಡ. “ಆಚೆ ದಂಡ್ಯಾಗ ಇದ್ನೆವ್ವ, ನನಗೇನೂ ಗೊತ್ತಾಗ್ಲಿಲ್ಲ” ಎಂದ.

ಸಿನಿಮಾ ಹೊಸಪೇಟೆಯ ಟಾಕೀಸಿಗೆ ಬಂದಾಗ ಮನೆಮಂದಿಯೆಲ್ಲ ಹೋದರು. ತೆರೆಯ ಮೇಲೆ ಹೊಳೆಮ್ಮನ ಮುಖ ಮನೆಯಷ್ಟು ದೊಡ್ಡದಾಗಿ ಬಂತು, ಬಾಯಿ ತೆರೆಯಿತು, ಬೇರೊಂದು ಹುಡುಗಿಯ ಸಣ್ಣ, ನುಣ್ಣನೆಯ ದನಿ “ಅಪ್ಪಾಜೀ...” ಎಂದಿತು. ಅವಳವ್ವ ನೀಲಗಂಗಮ್ಮ ಪಕ್ಕಕ್ಕೆ ಬಗ್ಗಿ, “ಯಾರ ದನಿ ಲೇ ಇದು? ನಿನಗೇನಾತು?” ಎಂದು ಗಾಬರಿಯಿಂದ ಕೇಳಿದಳು. ಸುತ್ತಲಿನವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಳೆಮ್ಮ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು.

ಮುಂದೆ ಇನ್ನೂ ನಾಲ್ಕು ಸಿನಿಮಾ ಆದವು. ಒಂದು ಸಂಡೂರಿನ ಗುಡ್ಡದಲ್ಲೇ ನಡೆಯಿತು. ನಾಲ್ಕರಲ್ಲೂ ಅವಳ ಮುಖ, ಇನ್ನೊಬ್ಬರ ದನಿ. ಹದಿಮೂರಕ್ಕೆ ಅವಳು ಉದ್ದ ಬೆಳೆದಳು. ಕರೆಯುವವರು ಕರೆಯುವುದನ್ನು ನಿಲ್ಲಿಸಿದರು. ಆದರೆ ತೆರೆಯ ಮೇಲಿನ ಆ ಹುಡುಗಿ ಅವಳನ್ನು ಬಿಡಲಿಲ್ಲ. ಶಾಲೆಯಲ್ಲಿ “ಆ ಅಳು ಅಳು ನೋಡೋಣು” ಎಂದು ಗಂಟು ಬೀಳುತ್ತಿದ್ದರು. ಮೆಟ್ರಿ ಹಳ್ಳಿಗೆ ಸೊಸೆಯಾಗಿ ಹೋದಾಗ ಕೇರಿಯೆಲ್ಲ ಸಿನಿಮಾದಾಕಿ ಎಂದು ಕರೆಯಿತು. ಗಂಡ ಜಂಬಯ್ಯನಿಗೆ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕು, ಇವಳಿಗೆ ಬಸ್ಸಿನ ಕೆಲಸವಾಗಿ, ಸಂಸಾರ ಕಂಪ್ಲಿಗೆ ಬಂದ ಮೇಲೂ ಅಷ್ಟೇ. ಯಾರಾದರೊಬ್ಬರು ಟಿಕೆಟ್ ಕೈಯಲ್ಲಿ ಹಿಡಿದು ದಿಟ್ಟಿಸುತ್ತಿದ್ದರು. “ನೀವು ಆ ಹುಡುಗಿ ಅಲ್ಲೇನ್ರಿ? ಮಾರಿ ಹಂಗ ಐತಿ. ದನಿ ಮಾತ್ರ ಬ್ಯಾರೆ ಆಗೇತಲ್ಲ!”

ಬರವಣಿಗೆ ಅವಳ ಹತ್ತಿರ ಬಂದದ್ದು ರಿಪೋರ್ಟಿನ ವೇಷದಲ್ಲಿ. ಮೂರು ವರ್ಷದ ಹಿಂದೆ, ರಾಮಸಾಗರ ದಾಟಿದ ಮೇಲೆ ಬಸ್ಸಿನಲ್ಲೇ ಒಬ್ಬ ಹೆಣ್ಣುಮಗಳಿಗೆ ಹೆರಿಗೆಯಾಯಿತು. ಡ್ರೈವರ್ ಮೈಲಾರಲಿಂಗಪ್ಪ ಗದ್ದೆಯಂಚಿಗೆ ಬಸ್ಸು ನಿಲ್ಲಿಸಿ ಗಂಡಸರನ್ನೆಲ್ಲ ಕೆಳಗಿಳಿಸಿದ. ಕೂಸನ್ನು ಮೊದಲು ಹಿಡಿದ ಕೈ ಹೊಳೆಮ್ಮನದು. ತಡವಾದದ್ದಕ್ಕೆ ಕಾರಣ ಬರೆದುಕೊಡೆಂದು ಡಿಪೋದವರು ಹೇಳಿದಾಗ ಅವಳು ಬೆಂಚಿನ ಮೇಲೆ ಕೂತು ಬರೆಯತೊಡಗಿದಳು. ಎರಡು ಸಾಲಿನ ಮಾತು. ಆದರೆ ಕೈ ನಿಲ್ಲಲೇ ಇಲ್ಲ. ಆ ಹೆಂಗಸು ಸೀಟಿನ ಕಬ್ಬಿಣದ ಸರಳನ್ನು ಹಿಡಿದ ರೀತಿ, ನಾಟಿಯ ಗದ್ದೆಯಿಂದ ಕೆಸರುಗಾಲಲ್ಲಿ ಓಡಿಬಂದು ಸೀರೆ ಮರೆಮಾಡಿದ ಹೆಂಗಸರು, ಕೂಸು ಅಳುವ ಮುಂಚಿನ ಆ ಒಂದು ಗಳಿಗೆ, ಎಲ್ಲವೂ ಬಂದವು. ನೋಡಿದ್ದೆಂದು ತನಗೇ ಗೊತ್ತಿರದಿದ್ದ ಸಂಗತಿಗಳು ಪೆನ್ನಿನ ತುದಿಯಿಂದ ಇಳಿಯುವುದನ್ನು ಅವಳು ಪಕ್ಕದಲ್ಲಿ ನಿಂತವಳಂತೆ ಬೆರಗಾಗಿ ನೋಡಿದಳು.

ಡಿಪೋ ಮ್ಯಾನೇಜರ್ ಹಾಲಸ್ವಾಮಿ ಆರು ಪುಟವನ್ನೂ ನಿಂತುಕೊಂಡೇ ಓದಿದರು. ಕನ್ನಡಕ ತೆಗೆದು ಒರೆಸಿದರು.

“ಇದು ರಿಪೋರ್ಟ್ ಅಲ್ಲವ್ವ” ಎಂದರು. “ರಿಪೋರ್ಟ್ ಬ್ಯಾರೆ ಬರದು ಕೊಡು. ಇದನ್ನ ಜ್ವಾಪಾನ ಮಾಡಿ ಇಟ್ಕ.”

ಅಂದಿನಿಂದ ಚೀಲದಲ್ಲಿ ಟಿಕೆಟ್ ಮಷಿನ್ನಿನ ಜೊತೆಗೊಂದು ನೋಟುಬುಕ್ಕೂ ಸೇರಿತು. ಒಂದು ಟ್ರಿಪ್ಪಿಗೂ ಮತ್ತೊಂದಕ್ಕೂ ನಡುವಿನ ಹದಿನೈದು ನಿಮಿಷ ಅವಳದಾಯಿತು. ಮೂರನೆಯ ನೋಟುಬುಕ್ಕು ಮುಗಿಯುವಾಗ, ಯಾರಿಗೂ ಹೇಳದೆ ಬಂದಿದ್ದ ಹೊಳೆ ದಂಡೆಯ ಆ ಮಧ್ಯಾಹ್ನವನ್ನು ಬರೆದಳು. ಮನೆಯಲ್ಲಿ, ಬಸ್ಸಿನಲ್ಲಿ ಮಾತಾಡುವ ಹಾಗೇ ಬರೆದಳು. ರೇಡಿಯೋದವರು ಕೇಳುಗರಿಗೆಲ್ಲ ಕಥೆ ಕಳಿಸಿ ಎಂದಾಗ ಅದನ್ನೇ ಕಳಿಸಿದಳು.

“ಕರೀಲೇನ್ರಿ ಪೂಜಿತಾನ್ನ?” ಶಂಭುಲಿಂಗ ಇನ್ನೂ ಕಾಯುತ್ತಿದ್ದರು.

“ಬ್ಯಾಡ್ರಿ ಸರ್” ಎಂದಳು ಹೊಳೆಮ್ಮ. “ತಪ್ಪಾಗ್ಲಿ, ತೊದಲಾಗ್ಲಿ. ನಾನಾ ಓದತೀನಿ.”

ಅವರು ಅವಳ ಮುಖ ನೋಡಿದರು. ಹೋಗಿ ಗಾಜಿನಾಚೆ ಕೂತರು.

ಮೊದಲ ಪುಟ ತೊದಲುತ್ತಲೇ ಸಾಗಿತು. ಎರಡನೆಯ ಪುಟದಲ್ಲಿ ಹೊಳೆ ಬಂತು. ‘ಯಪ್ಪಾ’ ಎಂಬ ಮಾತು ಬಂದಾಗ ಅವಳು ಅದನ್ನು ಚೀರಲಿಲ್ಲ, ಮೆಲ್ಲಗೆ, ಮಲಗಿದವರನ್ನು ಎಬ್ಬಿಸುವವಳಂತೆ ಅಂದಳು. ಮುಗಿದ ಮೇಲೆ ಶಂಭುಲಿಂಗ ಹೆಡ್‌ಫೋನನ್ನು ಅವಳ ಕಿವಿಗೇ ಹಾಕಿ ಕೇಳಿಸಿದರು. ತುಸು ಒಡೆದ, ಧೂಳು ಕುಡಿದ, ಗಂಟಲಿನಾಳದ ಒಂದು ದನಿ. ಇಷ್ಟು ವರ್ಷ ಇದು ಎಲ್ಲಿತ್ತು! ದೇವರ ಮುಂದೆ ನಿಂತಾಗಿನಂತೆ ಹೊಳೆಮ್ಮನ ಕೈಗಳು ತಾವಾಗಿಯೇ ಒಂದಕ್ಕೊಂದು ಕೂಡಿದವು.

ಕಥೆ ಪ್ರಸಾರವಾಗುವುದು ಭಾನುವಾರ ಮಧ್ಯಾಹ್ನ ಎರಡಕ್ಕೆ ಎಂದಾಯಿತು. ಅವತ್ತು ಅವಳಿಗೆ ಡ್ಯೂಟಿ ಇತ್ತು. “ಅದಕ್ಯಾಕ ಚಿಂತಿ, ಬಸ್ಸಿನ್ಯಾಗ ಹಚ್ಚಿದ್ರಾತು” ಎಂದು ಮೈಲಾರಲಿಂಗಪ್ಪ ಮನೆಯಿಂದ ಒಂದು ಹಳೆಯ ರೇಡಿಯೋ ತಂದು ಮುಂದಿನ ಗಾಜಿನ ಬುಡದಲ್ಲಿಟ್ಟು ಹಗ್ಗದಿಂದ ಬಿಗಿದ. ನೀಲಗಂಗಮ್ಮ ತೀರಿಕೊಂಡ ಮೇಲೆ ಪಾಲಪ್ಪ ಮಗಳ ಮನೆಯಲ್ಲೇ ಇದ್ದ. ಎಪ್ಪತ್ತು ದಾಟಿತ್ತು. ಹರಿಗೋಲು ಬಿಟ್ಟು ಯಾವ ಕಾಲವಾಗಿತ್ತೋ. ಮಾತೂ ಕಡಿಮೆ. ಆದರೆ ಅವತ್ತು ತಾನಾಗಿ, “ನಾನೂ ಬಸ್ಸಿನ್ಯಾಗ ಕೇಳತೀನಿ” ಎಂದು ಬೆಳಿಗ್ಗೆಯೇ ಹತ್ತಿದ. ಹೊಸಪೇಟೆಗೆ ಹೋಗಿ, ಅದೇ ಬಸ್ಸಿನಲ್ಲಿ ತಿರುಗಿ ಹೊರಟ. ಡ್ರೈವರ್ ಹಿಂದಿನ ಸೀಟಿನಲ್ಲಿ ಟವೆಲ್ ಮಡಿಲಲ್ಲಿಟ್ಟುಕೊಂಡು ಕೂತ.

ಕಮಲಾಪುರದ ಹತ್ತಿರ ರೇಡಿಯೋದಲ್ಲಿ ಹಾಡು ನಿಂತು ಅವಳ ದನಿ ಬಂತು. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಎರಡು ನಿಮಿಷ ಕಳೆದಿರಬೇಕು, ಹಿಂದಿನ ಸೀಟಿನ ಗದ್ದಲ ತಗ್ಗಿತು. ಒಬ್ಬ ಹುಡುಗ ಕಿವಿಯಲ್ಲಿದ್ದ ವೈರು ಕಿತ್ತು ಕತ್ತು ಮುಂದೆ ಚಾಚಿದ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಆಸ್ಪತ್ರೆಯಿಂದ ಮರಳುತ್ತಿದ್ದ ಮುದುಕಿಯೊಬ್ಬಳು, “ಯಾರವ್ವಾ ಇಕಿ, ನಮ್ಮ ಮನ್ಯಾಗ ಮಾತಾಡಿದಂಗ ಮಾತಾಡತಾಳ!” ಎಂದಳು. ಯಾರೋ “ಸುಮ್ನಿರಬೇ, ಕೇಳಣು” ಎಂದರು. ದಾರಿಯಲ್ಲಿ ಇಳಿಯಬೇಕಿದ್ದ ಇಬ್ಬರು ಇಳಿಯಲಿಲ್ಲ. ಮೈಲಾರಲಿಂಗಪ್ಪ ಗೇರು ಬದಲಿಸಿದರೂ ಸದ್ದಾಗದ ಹಾಗೆ ಬದಲಿಸುತ್ತಿದ್ದ. ಹೊಳೆಮ್ಮ ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ಎರಡೂ ಬದಿಗೆ ಭತ್ತದ ಗದ್ದೆ, ನಡುವೆ ಐವತ್ತು ಮಂದಿ ಉಸಿರು ಹಿಡಿದು ಕೂತ ಬಸ್ಸು. ನಾಲ್ಕು ಹಾಳೆಯ ಅಕ್ಷರಕ್ಕೆ ಇಷ್ಟು ಬಲವೇ?

ಕಥೆ ಮುಗಿಯಿತು. “ಬರೆದು ಓದಿದವರು, ಕಂಪ್ಲಿಯ ಹೊಳೆಮ್ಮ” ಎಂದು ರೇಡಿಯೋ ಹೇಳಿತು.

ಬ್ಯಾಂಡೇಜಿನ ಮುದುಕಿ ಪಕ್ಕದ ಹುಡುಗಿಯನ್ನು ತಿವಿದು ಕಂಡಕ್ಟರಮ್ಮನ ಖಾಕಿ ಅಂಗಿಯ ಮೇಲಿನ ಹೆಸರನ್ನು ಓದಿಸಿದಳು. ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ, ನೀನಾ ಏನವ್ವಾ? ದಿನಾ ಟಿಕೇಟು ಹರದು ಕೊಡಾಕಿ?”

ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡಿದರು. ಒಬ್ಬರ ಬಾಯಲ್ಲೂ ಸಿನಿಮಾದ ಹೆಸರು ಬರಲಿಲ್ಲ. ಪಾಲಪ್ಪ ಮಾತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಕಂಪ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರೂ ಅವನು ಇಳಿಯಲಿಲ್ಲ. ಹೊಳೆಮ್ಮ ಹತ್ತಿರ ಹೋಗಿ, “ಯಪ್ಪಾ, ಕೇಳಿಸ್ತೇನು?” ಎಂದಳು.

“ಕೇಳಿಸ್ತು.” ಮಡಿಲಿನ ಟವೆಲನ್ನು ಮಡಚುತ್ತ, “ಒಂದು ಕಡೆ ತಪ್ಪು ಬರದೀಯವ್ವ” ಎಂದ.

“ಎಲ್ಲಿ?”

“ನಾ ಆಚೆ ದಂಡ್ಯಾಗ ಇರ್ಲಿಲ್ಲ. ಅಲ್ಲೇ ಇದ್ದೆ. ದೊಡ್ಡ ಬಂಡೆ ಹಿಂದ.”

ಹೊಳೆಮ್ಮ ಸೀಟಿನ ಅಂಚು ಹಿಡಿದುಕೊಂಡಳು.

“ಅವರು ನನ್ನ ಕೇಳಿದ್ರು. ಹಿಂಗ ಹೇಳಿ ಹುಡುಗೀನ ಅಳಸ್ತೀವಿ, ಒಂದ ನಿಮಿಷ, ನೀ ಕಾಣಬಾರದು, ನಿನ್ನ ದನಿ ಬರಬಾರದು ಅಂದ್ರು. ನಾ ಹೂಂ ಅಂದೆ. ದೊಡ್ಡ ಮಂದಿ, ಮಗಳಿಗೆ ಒಳ್ಳೇದಾಗತೈತಿ ಅಂದ್ಕೊಂಡೆ. ನೀ ಯಪ್ಪಾ ಅಂತ ನೀರಿಗೆ ಬಿದ್ದಾಗ ‘ಇಲ್ಲೇ ಅದೀನಿ ಮಗಳ’ ಅಂತ ಬಾಯಿ ತಾನಾ ತೆರೀತು. ಟವೆಲ್ ತುರುಕಿಕೊಂಡೆ. ಬಾಯಿ ತುಂಬ ತುರುಕಿಕೊಂಡೆ.” ಅವನು ಮಡಿಲಿನ ಟವೆಲನ್ನು ದೂರ ಸರಿಸಿದ. “ನಿಮ್ಮವ್ವಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ.”

ಸಿಟ್ಟು ಬಂತು. ನೀರಿನಲ್ಲಿ ಎದೆಮಟ್ಟ ನಿಂತ ಆ ಎಂಟು ವರ್ಷದ ಹುಡುಗಿಯ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಹೊಳೆಮ್ಮ ಹೊರಳಿ ಎರಡು ಹೆಜ್ಜೆ ಬಾಗಿಲ ಕಡೆ ಹೋದಳು, ನಿಂತಳು. ದಂಡೆಯ ಮೇಲೆ ಅಂದು ಎದ್ದ ಯಾವ ದನಿಯೂ ಆ ಸಿನಿಮಾಕ್ಕೆ ಬೇಕಿರಲಿಲ್ಲ. ಎಲ್ಲವನ್ನೂ ಅವರು ಆಮೇಲೆ ಬೆಂಗಳೂರಿನಲ್ಲಿ ಬೇರೆಯೇ ತುಂಬಿಸಿಕೊಂಡಿದ್ದರು. ಅಪ್ಪ ಕೂಗಿದ್ದರೂ ನಡೆಯುತ್ತಿತ್ತು. ಅದು ಅವನಿಗೆ ಇಂದಿಗೂ ಗೊತ್ತಿಲ್ಲ. ತಿರುಗಿ ನೋಡಿದಳು. ಇಪ್ಪತ್ತೆಂಟು ವರ್ಷ ಹಿಡಿದಿಟ್ಟ ಮಾತನ್ನು ಆಡಿ ಮುಗಿಸಿದವನು ದೂರದಿಂದ ನಡೆದು ಬಂದವನಂತೆ ಏದುಸಿರು ಬಿಡುತ್ತಿದ್ದ. ತಾನು ಬರೆದದ್ದು ಆ ಬಂಡೆಯ ಹಿಂದಕ್ಕೂ ಹೋಗಿ ಇವನನ್ನು ಹುಡುಕಿತೇ?

ಅಂದು ಕೂಗಿದ್ದರೂ ನಡೆಯುತ್ತಿತ್ತು ಎಂಬುದನ್ನು ಅವಳು ಅವನಿಗೆ ಹೇಳಲಿಲ್ಲ. ಹೋಗಿ ಅವನ ಪಕ್ಕದಲ್ಲಿ ಕೂತಳು. ಚೀಲದಿಂದ ನೋಟುಬುಕ್ಕು ತೆಗೆದು ಖಾಲಿ ಹಾಳೆ ಬಿಡಿಸಿದಳು.

“ಹೇಳಪ್ಪ” ಎಂದಳು. “ಮುಂಜಾನಿಂದ ಹೇಳು. ಅವತ್ತು ಹೊಳಿ ಹೆಂಗಿತ್ತು?”

ಹೊರಡುವ ಹೊತ್ತಾಗಿತ್ತು. ಇಂಜಿನ್ ಶುರುಮಾಡಿದ್ದ ಮೈಲಾರಲಿಂಗಪ್ಪ ಒಮ್ಮೆ ಹಿಂತಿರುಗಿ ನೋಡಿ ಅದನ್ನು ಆರಿಸಿದ. ಪಾಲಪ್ಪ ಮೊದಲು ತಡವರಿಸಿದ. “ನೀರು ಸಣ್ಣಗಿತ್ತವ್ವ, ಬ್ಯಾಸಗಿ” ಎಂದ. ಮಾತು ಒಂದೊಂದಾಗಿ ಬಂದವು, ಬರಬರುತ್ತ ಜೋಡಿಯಾಗಿ ಬಂದವು. ದನಿ ಏರಿತು. ಆಚೆ ದಂಡೆಯಲ್ಲಿ ಕಾಯುವವರಿಗೆ ಹೊಳೆಯ ಮೇಲಿಂದ ಕೂಗಿ ಹೇಳುವ ಹರಿಗೋಲಿನವನ ಹಳೆಯ ದನಿ ಅದು. ಸ್ಟ್ಯಾಂಡಿನಲ್ಲಿ ಪೇರಲ ಕೊಯ್ದು ಉಪ್ಪುಖಾರ ಹಚ್ಚುತ್ತಿದ್ದ ಹೆಂಗಸು, ಚಾಕುವನ್ನು ಹಣ್ಣಿನಲ್ಲೇ ಬಿಟ್ಟು, ನಿಂತ ಬಸ್ಸಿನ ಕಿಟಕಿಯ ಕಡೆ ತಲೆಯೆತ್ತಿ ನೋಡಿದಳು.