ಗಳಿಗೆ ಮುರಿದ ರೈಲು

ನನ್ನ ಗಂಡ ಅಮರನಾಥ ತಾಂಡೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ತೆಲಂಗಾಣ ಬೇಕೆಂದು ಸಕಲ ಜನರೂ ಮುಷ್ಕರ ಹೂಡಿದ್ದ ವರ್ಷ ಅದು. ಕಚೇರಿ ಬಂದ್, ಬಸ್ಸು ಬಂದ್, ಸಂಬಳವೂ ಬಂದ್. ಈ ಮಹಾಶಯರು ಬೆಳಿಗ್ಗೆ ಎದ್ದು ಸ್ಟೇಷನ್ನಿಗೆ ಹೋಗಿ, ಹಳಿಯ ಮೇಲೆ ಕೂತು ರೈಲು ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು, ರೊಟ್ಟಿ ಪಲ್ಯ ಉಂಡು, ಕಂಪ್ಯೂಟರಿನ ಮುಂದೆ ಕೂತು ರೈಲು ಓಡಿಸುತ್ತಿದ್ದರು. ನಾನು ಇದರಲ್ಲಿ ಒಂದು ಅಕ್ಷರವನ್ನೂ ಹೆಚ್ಚಿಗೆ ಸೇರಿಸಿಲ್ಲ.

ಮಗಳು ಹೈದರಾಬಾದಿನ ಹಾಸ್ಟೆಲಿಗೆ ಹೋದಾಗಿನಿಂದ ಆ ಕಂಪ್ಯೂಟರು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಕೆಲಸವಿಲ್ಲದ ಮನುಷ್ಯನ ಕಣ್ಣು ಅದರ ಮೇಲೆ ಬಿತ್ತು. ರೈಲು ಓಡಿಸುವ ಆಟವೊಂದು ನೆಟ್ಟಿನಲ್ಲೇ ಮಾರಾಟಕ್ಕಿದೆಯಂತೆ, ಡಬ್ಬಿ ಇಲ್ಲ, ಸಿಡಿ ಇಲ್ಲ, ದುಡ್ಡು ಕಟ್ಟಿದರೆ ತಂತಿಯೊಳಗಿಂದಲೇ ಮನೆಗೆ ಬರುತ್ತದಂತೆ. ಮೊಬೈಲಿಗೆ ರೀಚಾರ್ಜ್ ಮಾಡಬೇಕು ಎಂದು ನನ್ನ ಕಾರ್ಡು ಇಸಿದುಕೊಂಡು, ನನ್ನ ಹೆಸರಲ್ಲೇ ಖಾತೆ ತೆರೆದು, ಆಟ ಕೊಂಡಿದ್ದರು. ಅಲ್ಲ, ಮನೆಯಿಂದ ಕೂಗಳತೆಯಲ್ಲಿ ನಿಜವಾದ ಸ್ಟೇಷನ್ನು ಇಟ್ಟುಕೊಂಡು ಇದೇನು ಹುಚ್ಚು!

ಅದಕ್ಕೆ ನನ್ನ ಹಣ ಹೋಗಿದೆ ಎಂದು ತಿಳಿದದ್ದು ಸಗಟು ವ್ಯಾಪಾರಿಗೆ ಹಣ ಕಳಿಸಲು ಹೋದಾಗ. ನಾನು ಮನೆಯ ಮುಂದಿನ ಕೋಣೆಯಲ್ಲಿ ಸೀರೆ ಮಾರುತ್ತೇನೆ. ದೀಪಾವಳಿಗೆ ಒಂದು ಗಂಟು ಸೀರೆ ತರಿಸಲೆಂದು ಕೂಡಿಟ್ಟ ಹಣ ಅದು. ಮುಷ್ಕರದ ಹೊತ್ತಿನಲ್ಲಿ ಒಲೆ ಉರಿಯುತ್ತಿದ್ದುದು ಆ ಸೀರೆಗಳಿಂದಲೇ. ಅಷ್ಟು ಹಣ ಕಡಿಮೆಯಾದರೆ ಗಂಟು ಬರುವುದಿಲ್ಲ, ಗಂಟು ಬರದಿದ್ದರೆ ಹಬ್ಬದ ವ್ಯಾಪಾರವಿಲ್ಲ. ಮನೆಗೆ ಬಂದು ನಾನು ಮಾತಾಡಿದ ರೀತಿಗೆ ಓಣಿಯ ನಾಯಿಗಳೂ ಎದ್ದು ಹೋದವು.

ವಾಪಸ್ ಮಾಡ್ರಿ ಎಂದೆ. ಇಲ್ಲದ ಡಬ್ಬಿಯನ್ನು ವಾಪಸ್ ಮಾಡುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು. ಆಮೇಲೆ ಇಬ್ಬರೂ ಕೂತು ಆ ಅಂಗಡಿಯ ನಿಯಮಗಳನ್ನು ಓದಿದೆವು. ಕೊಳ್ಳುವಾಗ ಎಲ್ಲವನ್ನೂ ಓದಿದ್ದೇನೆ ಎಂಬಲ್ಲಿ ಗುರುತು ಹಾಕಿದ್ದರಲ್ಲ, ಈಗ ಆ ಓದು ಮೊದಲ ಸಲ ನಡೆಯಿತು. ಅವರು ಗಟ್ಟಿಯಾಗಿ ಓದುವುದು, ನಾನು ಅರ್ಥ ಹೇಳುವುದು. ವಾಪಸ್ ಮಾಡಿದರೆ ಆಟ ನಮ್ಮ ಖಾತೆಯಿಂದ ಮಾಯವಾಗಿ ಹಣ ಬ್ಯಾಂಕಿಗೆ ಬರುತ್ತದೆ. ಕೊಂಡು ಬಹಳ ದಿನ ಆಗಿರಬಾರದು, ಆಗಿರಲಿಲ್ಲ. ಇನ್ನೊಂದು, ಆಟವನ್ನು ಒಮ್ಮೆಯೂ ತೆರೆದಿರಬಾರದು.

ಇದು ನನ್ನದೇ ನಿಯಮ. ನಮ್ಮ ಕಡೆ ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದಕ್ಕೆ ಗಳಿಗೆ ಮುರಿಯುವುದು ಎನ್ನುತ್ತಾರೆ. ಗಳಿಗೆ ಮುರಿದ ಸೀರೆ ವಾಪಸ್ ಇಲ್ಲ ಎಂದು ನನ್ನ ಕೋಣೆಯ ಗೋಡೆಗೆ ದಪ್ಪಕ್ಷರದಲ್ಲಿ ಬರೆಸಿದ್ದೇನೆ, ಕನ್ನಡದಲ್ಲೂ ತೆಲುಗಿನಲ್ಲೂ. ಹಾಗಾಗಿ ಆ ಅಂಗಡಿಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗಂಡನ ಕಡೆ ತಿರುಗಿ, ದಿನಾ ಮಧ್ಯಾಹ್ನ ಕೂ ಅನ್ನಿಸುತ್ತಿದ್ದಿರಲ್ಲ, ಇದರ ಗಳಿಗೆ ಯಾವಾಗಲೋ ಮುರಿದಾಗಿದೆ ಎಂದೆ.

ಅವರು ತಲೆ ಕೆರೆದುಕೊಂಡು, ಮೊದಲ ಸಲ ತೆರೆದದ್ದು ತಾನಲ್ಲ ಎಂದರು.

ಮತ್ಯಾರು? ಅವರ ಅಕ್ಕ ಶಕುಂತಲಾಬಾಯಿ. ಬಶೀರಾಬಾದಿನಿಂದ ಎರಡು ದಿನ ಇದ್ದು ಹೋಗಲು ಬಂದವರು, ಬಸ್ಸು ನಿಂತು ನಮ್ಮಲ್ಲೇ ಉಳಿದಿದ್ದರು. ಆ ಹೊತ್ತಿಗೆ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಕಂಪ್ಯೂಟರಿನ ಇಲಿಯನ್ನು ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಹೆಂಗಸು ರೈಲು ಓಡಿಸಿದರು ಎಂದರೆ ನಾನು ನಂಬಬೇಕೇ?

ನಂಬಲೇಬೇಕಾಯಿತು. ಒಂದು ಕಾಲದಲ್ಲಿ ಬಶೀರಾಬಾದಿನ ಅವರ ಓಣಿಯಲ್ಲಿ ಹೊಸ ಸೀರೆ ಬಂದರೆ ಗಳಿಗೆ ಮುರಿಯಲು ಅಕ್ಕನವರನ್ನೇ ಕರೆಯುತ್ತಿದ್ದರು. ಅವರು ಮುರಿದ ಸೀರೆಯ ಹಿಂದೆ ಇನ್ನೊಂದು ಸೀರೆ ಬಂದೇ ಬರುತ್ತದೆ, ಕೈಗುಣ ಅಂಥದ್ದು ಎನ್ನುತ್ತಿದ್ದರು. ಸೀರೆ ಮಾತ್ರವಲ್ಲ, ಹೊಸ ಕೊಡ, ಹೊಸ ಮಿಕ್ಸರು, ಎಲ್ಲಕ್ಕೂ ಅವರ ಕೈಯೇ ಮೊದಲು. ಅವರ ಯಜಮಾನರು ತೀರಿಕೊಂಡ ಮೇಲೆ ಕರೆಯುವುದು ನಿಂತಿತು. ಯಾರೂ ಏನೂ ಹೇಳಲಿಲ್ಲ, ಸುಮ್ಮನೆ ಕರೆಯಲಿಲ್ಲ. ನಾವು ಲಿಂಗ ಕಟ್ಟಿಕೊಂಡ ಮಂದಿ, ಇಂಥ ಭೇದ ಇಲ್ಲ ಎಂದು ಬಾಯಿ ತುಂಬ ಹೇಳುತ್ತೇವೆ. ಸೀರೆ ಬಂದಾಗ ಮಾತ್ರ ಪಕ್ಕದ ಮನೆಯ ಮುತ್ತೈದೆಯನ್ನು ಹುಡುಕುತ್ತೇವೆ.

ಆಟ ಕೊಂಡ ದಿನ ನಾನು ಸಂತೆಗೆ ಹೋಗಿದ್ದೆ. ಇವರು ಹೊಸ ಆಟವನ್ನು ಎದುರಿಗಿಟ್ಟುಕೊಂಡು, ಬಾ ಅಕ್ಕ, ಮೊದಲು ನೀನೇ ಒತ್ತು ಎಂದು ಕರೆದಿದ್ದಾರೆ. ಅಕ್ಕನವರು ನಾನು ಬ್ಯಾಡಪ್ಪ ಎಂದು ಹಿಂದೆ ಸರಿದಿದ್ದಾರೆ. ಇವರು ಬಿಟ್ಟಿಲ್ಲ. ಕೊನೆಗೆ ಕೈ ತೊಳೆದುಕೊಂಡು, ಸೆರಗು ಹೊದ್ದು, ಕಣ್ಣು ಮುಚ್ಚಿ ಒತ್ತಿದ್ದಾರೆ. ರೈಲು ಸೀಟಿ ಹೊಡೆದು ಯಾವುದೋ ಹಿಮದ ದೇಶದಲ್ಲಿ ಹೊರಟಿದೆ. ಬಶೀರಾಬಾದ್ ಎಷ್ಟೊತ್ತಿಗೆ ಬರುತ್ತದೆ ಎಂದು ಅಕ್ಕನವರು ಕೇಳಿ, ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದಾರೆ. ಇದನ್ನು ಹೇಳುವಾಗಲೂ ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ, ನನಗೋ ಮೈಯೆಲ್ಲ ಉರಿಯುತ್ತಿತ್ತು.

ನಾನು ಸೋಲುವವಳಲ್ಲ. ನಿಯಮಗಳ ಬಾಲದಲ್ಲಿ ಇನ್ನೊಂದು ಸಾಲಿತ್ತು. ಕೊಂಡವರಿಗೆ ತಿಳಿಯದಂತೆ ಮನೆಯ ಬೇರೆ ಯಾರಾದರೂ ತಪ್ಪಿ ತೆರೆದಿದ್ದರೆ, ಕಾರಣ ಬರೆದು ಕೇಳಬಹುದು. ಒಂದು ಸಲಕ್ಕೆ ಹಣ ಕೊಡುತ್ತಾರೆ. ಸಿಕ್ಕಿತಲ್ಲ ದಾರಿ! ಇವರು ಆಮೇಲೆ ಓಡಿಸಿದ್ದೆಲ್ಲ ಆ ತಪ್ಪಿನ ಲೆಕ್ಕಕ್ಕೇ ಸೇರಲಿ ಎಂದುಕೊಂಡೆ. ಖಾತೆ ನನ್ನ ಹೆಸರಲ್ಲಿತ್ತಲ್ಲ, ಇವರನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ಕೂತೆ. ಕರೆಂಟು ಹೋಗುವ ಮೊದಲು ಕಳಿಸಬೇಕಿತ್ತು. ಮನೆಗೆ ಬಂದ ವಯಸ್ಸಾದ ಹೆಂಗಸೊಬ್ಬರು ಏನೆಂದು ತಿಳಿಯದೆ ತಪ್ಪಿ ಒತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದು, ಸರಿಯಾಗಿದೆಯಾ ಎಂದು ಗಂಡನನ್ನು ಕೇಳಿದೆ. ಅವರು ಪಡಸಾಲೆಯ ಕಡೆ ನೋಡಿದರು.

ಪಡಸಾಲೆಯಲ್ಲಿ ಮೊರದ ಸದ್ದು ನಿಂತಿತ್ತು. ಅಕ್ಕನವರು ಬಾಗಿಲಿಗೆ ಬಂದು, ಏನು ಬರೆದೆ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹಂಗೇ ಬರಿ, ರಾಜಿ. ತಪ್ಪಿ ಆಗ್ಯಾದ ಅಂತ ಬರಿ," ಎಂದರು. "ಆವಾ ಕರದಾಗೇ ನಾ ಅಂದಿದ್ದೆ, ನನ್ನ ಕೈಲೆ ಬ್ಯಾಡ ಅಂತ. ನಿನ್ನ ರೊಕ್ಕ ಯಾಕ ಹಾಳಾಗ್ಬೇಕು."

ದನಿಯಲ್ಲಿ ಬೇಸರವೇನೂ ಇರಲಿಲ್ಲ. ಅದೇ ನನ್ನ ಜೀವ ಹಿಂಡಿತು. ತಾನು ಮುಟ್ಟಿದ್ದು ತಪ್ಪು ಎಂಬುದು ಅವರಿಗೆ ಹೊಸ ಮಾತಾಗಿರಲಿಲ್ಲ. ಈಗ ಅದನ್ನು ನಾನು ಬರೆದು ಕಳಿಸುವವಳಿದ್ದೆ, ಅವರು ಅದಕ್ಕೂ ಹ್ಞೂಂ ಎನ್ನುತ್ತಿದ್ದರು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಗಂಡನ ಮೇಲೆ, ಓಣಿಯವರ ಮೇಲೆ, ದೀಪಾವಳಿಯ ಸೀರೆಗಳ ಮೇಲೆ. ಬರೆದದ್ದನ್ನೆಲ್ಲ ಅಳಿಸಿದೆ.

ಮತ್ತೆ ಬರೆದೆ. ಈಕೆ ನಮ್ಮ ಮನೆಯ ಹಿರಿಯಳು. ಹೊಸದು ಏನೇ ಬಂದರೂ ಮೊದಲು ಈಕೆಯ ಕೈಯಿಂದ ತೆರೆಸುವುದು ನಮ್ಮ ಪದ್ಧತಿ. ನಾವೇ ಕರೆದು ತೆರೆಸಿದ್ದೇವೆ. ಇದರಲ್ಲಿ ತಪ್ಪು ಯಾರದೂ ಇಲ್ಲ. ಆದರೂ ಹಣ ವಾಪಸ್ ಕೊಟ್ಟರೆ ನಿಮಗೆ ಒಳ್ಳೆಯದಾಗಲಿ. ಕೊನೆಯ ಸಾಲನ್ನು ಬರೆಯದೆ ಇರಲಾಗಲಿಲ್ಲ, ನಾನು ವ್ಯಾಪಾರದವಳು.

ನನ್ನ ಭುಜದ ಮೇಲಿಂದ ಓದುತ್ತಿದ್ದ ಗಂಡ ಮೆಲ್ಲಗೆ, "ಹಿಂಗ ಬರದ್ರ ರೊಕ್ಕ ಬರಂಗಿಲ್ಲಲೇ," ಎಂದರು.

"ಗೊತ್ತದ, ಆಕಡಿ ಸರೀರಿ," ಎಂದು ಕಳಿಸುವ ಗುಂಡಿ ಒತ್ತಿದೆ.

ಉತ್ತರ ಮರುದಿನ ಬಂತು. ಇವರು ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸುತ್ತಿದ್ದ ಹೊತ್ತು. ಬಹಳ ಮರ್ಯಾದೆಯ ಕಾಗದ. ನಮ್ಮ ಪದ್ಧತಿ ತಿಳಿದು ಸಂತೋಷವಾಯಿತಂತೆ. ಆದರೆ ಆಟವನ್ನು ಕೊಂಡವರ ಒಪ್ಪಿಗೆಯಿಂದಲೇ ತೆರೆಯಲಾಗಿದೆ, ಆ ತೆರೆದದ್ದು ಊರ್ಜಿತ, ಆದ್ದರಿಂದ ಹಣ ವಾಪಸ್ ಇಲ್ಲವಂತೆ. ಗಂಟು ಹೋಯಿತು ಎಂದುಕೊಂಡೆ. ಉಳಿದ ಹಣಕ್ಕೆ ಸಿಕ್ಕಷ್ಟು ಸೀರೆ ತಂದು, ಗಂಡನ ತಲೆಯ ಮೇಲೆ ಹೊರಿಸಿ ಓಣಿ ಓಣಿ ಮಾರಿಸಿದರಾಯಿತು ಎಂದು ನಿಶ್ಚಯಿಸಿದೆ.

ಅಕ್ಕನವರು ಒದ್ದೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದರು. "ಏನಂತ ಬರದಾರ?"

ನಾನು ಆ ಕಾಗದವನ್ನು ಇನ್ನೊಮ್ಮೆ ಓದಿದೆ.

"ನೀವು ಗಳಿಗಿ ಮುರದದ್ದು ಖರೇ ಅದ ಅಂತ ಬರದಾರ್ರಿ, ಅಕ್ಕಾರ. ಅದನ್ನ ಇನ್ನ ಯಾರೂ ಇಲ್ಲ ಅನ್ನಾಕ ಬರಂಗಿಲ್ಲಂತ."