ಎದುರು ಮನೆಯ ಫ್ರಿಜ್

ಅಂಗನವಾಡಿಯ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ಮುನಿತಾಯಮ್ಮ ಬೆರಳಿಟ್ಟು ಮೂರನೇ ಸಲ ಓದಿದಳು. ಹೆಸರೇನೂ ಬದಲಾಗಲಿಲ್ಲ. ಮಾರಮ್ಮನ ಗುಡಿ ಬೀದಿ: ಹನುಮವ್ವ, ಗಂಡ ಅಮೀನಪ್ಪ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮೊದಲನೆಯವರು ತಪ್ಪಿದರೆ ಮುನಿತಾಯಮ್ಮ, ಗಂಡ ಬೈರಯ್ಯ. ತಕರಾರಿದ್ದವರು ಎಂಟು ದಿನದೊಳಗೆ ತಿಳಿಸಬೇಕು.

"ಏನಂತೆ?" ಬೈರಯ್ಯ ಹಿಂದಿನಿಂದ ಕೇಳಿದ.

"ಏನಂತೆ! ರೊಟ್ಟಿ ತಟ್ಟೋಳಿಗಂತೆ. ನಡಿ ಮನೆಗೆ."

ಹೇರೋಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಊರಿನವರಿಗೆ ಹೊಲವಿತ್ತು, ಕೇರಿಯವರಿಗೆ ಆ ಹೊಲದಲ್ಲಿ ಕೂಲಿಯಿತ್ತು. ಬೆಂಗಳೂರು ಬಂದು ಹಳ್ಳಿಯನ್ನು ನುಂಗಿದಾಗ ಹೊಲವಿದ್ದವರು ಸೈಟು ಮಾರಿ, ನಾಲ್ಕಂತಸ್ತು ಎಬ್ಬಿಸಿ, ಬಾಡಿಗೆಯಲ್ಲಿ ಕೂತು ಉಂಡರು. ಕೇರಿಯವರು ಅದೇ ಕಟ್ಟಡಗಳ ಮೆಟ್ಟಿಲು ಒರೆಸಿದರು. ಈ ಹಳ್ಳವನ್ನು ಸಂಬಳದಿಂದ ಮುಚ್ಚಲಾಗದು, ಆಸ್ತಿಯಿಂದಲೇ ಮುಚ್ಚಬೇಕು ಎಂದು ಸಮಪಾಲು ಪ್ರತಿಷ್ಠಾನದವರು ದೊಡ್ಡವರ ದೇಣಿಗೆ ಕೂಡಿಸಿ ಮುಖ್ಯರಸ್ತೆಯಲ್ಲಿ ಸಾಲಾಗಿ ಮಳಿಗೆಗಳನ್ನು ಕೊಂಡಿದ್ದರು. ಕೇರಿಯ ಬೀದಿಗೊಂದು ಮಳಿಗೆ, ಹೆಣ್ಣಿನ ಹೆಸರಿಗೆ ನೋಂದಣಿ. ಸಾಲವಲ್ಲ, ಬಾಡಿಗೆಯಲ್ಲ, ಮಕ್ಕಳ ಕಾಲಕ್ಕೂ ಉಳಿಯುವಂಥದ್ದು. ಹತ್ತು ವರ್ಷ ಕೇರಿಯಲ್ಲಿ ಬಾಳಿದವರು ಯಾರಾದರೂ ಅರ್ಜಿ ಹಾಕಬಹುದು, ಮನೆಗೆ ಬಂದು ನೋಡಿ ತೀರ ಇಲ್ಲದವರನ್ನು ಆರಿಸುತ್ತೇವೆ ಎಂದಿದ್ದರು.

ಆ ಮಳಿಗೆಯನ್ನು ಮುನಿತಾಯಮ್ಮ ಮನಸ್ಸಿನಲ್ಲೇ ತುಂಬಿಸಿ ಆಗಿತ್ತು. ಬಾಗಿಲ ಸಂದಿಯ ಬೆಳಕಿನಲ್ಲಿ ಇಪ್ಪತ್ತು ವರ್ಷ ಬ್ಲೌಸ್ ಹೊಲಿದವಳು. ಅಲ್ಲಿ ಆಳೆತ್ತರದ ಕನ್ನಡಿ, ಅಳತೆ ಕೊಡುವವರಿಗೆ ಹಸಿರು ಪರದೆ, ತನಗೊಂದು ಟ್ಯೂಬ್‌ಲೈಟು. ಈಗ ಆ ಕನ್ನಡಿಯ ಜಾಗದಲ್ಲಿ ಹನುಮವ್ವನ ಜೋಳದ ಹಿಟ್ಟಿನ ಡಬ್ಬ ಕೂತಿತು. ಮುನಿತಾಯಮ್ಮನ ಅಜ್ಜಂದಿರು ಇದೇ ಊರಿನ ಹಬ್ಬಕ್ಕೆ ತಮಟೆ ಬಡಿದವರು. ಹನುಮವ್ವ ನಿನ್ನೆ ಮೊನ್ನೆ ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು. ನಿನ್ನೆ ಮೊನ್ನೆ ಎಂದರೆ ಹದಿನಾರು ವರ್ಷದ ಹಿಂದೆ. ಹೊಟ್ಟೆಕಿಚ್ಚಿಗೆ ವರ್ಷದ ಲೆಕ್ಕ ತಿಳಿಯುವುದಿಲ್ಲ.

ಇದಕ್ಕಿಂತ ಸುಡುತ್ತಿದ್ದದ್ದು ಇನ್ನೊಂದು. ಸಂಸ್ಥೆಯವರು ಮನೆ ನೋಡಲು ಬರುವ ದಿನ ಮುನಿತಾಯಮ್ಮ ಹನುಮವ್ವನ ಮನೆಯಿಂದ ಮೂರು ಕುರ್ಚಿ ತಂದಿದ್ದಳು. ಅಷ್ಟಕ್ಕೇ ಬಿಡದೆ ಫ್ರಿಜ್ಜನ್ನೂ ಕೇಳಿದ್ದಳು. ಅವಳ ಅವ್ವನ ಕಾಲದಲ್ಲಿ ಊರಿನವರು ಕೂಲಿಗೆ ಕರೆಯಲು ಬಂದರೂ ಕೇರಿಯ ಬಾಯಲ್ಲೇ ನಿಂತು ಕೂಗಿ ಹೋಗುತ್ತಿದ್ದರು. ಅಂಥದ್ದರಲ್ಲಿ ಮೂವರು ದೊಡ್ಡ ಮನುಷ್ಯರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆಂದರೆ ಚಾಪೆಯ ಮೇಲೆ ಕೂರಿಸುವುದೇ? ಬಿಸಿಲಲ್ಲಿ ಬಂದವರಿಗೆ ತಣ್ಣಗೆ ಏನಾದರೂ ಕೊಡಬೇಡವೇ?

"ಒಯ್ಯಿ ಅಕ್ಕಾ, ನಂದೇನು ನಿಂದೇನು," ಎಂದಿದ್ದಳು ಹನುಮವ್ವ. "ನಮ್ಮ ಮನಿಗಿ ಬಂದ್ರ ಚಾಪಿ ಮ್ಯಾಲ ಕುಂದರಸ್ತೀನಿ. ರೊಟ್ಟಿ ತಿಂದು ಹೋಗ್ತಾರ."

ಬೈರಯ್ಯ, ಅಮೀನಪ್ಪ ಇಬ್ಬರೂ ಸೇರಿ ಫ್ರಿಜ್ಜನ್ನು ಬೀದಿ ದಾಟಿಸಿದ್ದರು. ಬಂದವರು ಕುರ್ಚಿಯಲ್ಲಿ ಕೂತು, ತಣ್ಣನೆಯ ಜ್ಯೂಸ್ ಕುಡಿದು, ಸುತ್ತ ಕಣ್ಣಾಡಿಸಿ ಏನೋ ಬರೆದುಕೊಂಡರು. ಆಮೇಲೆ ಬೀದಿ ದಾಟಿ ಖಾಲಿ ಮನೆಗೆ ಹೋದರು.

ಪಟ್ಟಿ ಬಂದ ಮೂರನೇ ದಿನ ಸಂಸ್ಥೆಯ ಹುಡುಗಿ ಶರಣ್ಯಾ ಬಂದಳು. ಫ್ರಿಜ್ಜು, ಕುರ್ಚಿ ಹನುಮವ್ವನ ಮನೆಗೆ ಮರಳಿ ಎಷ್ಟೋ ದಿನವಾಗಿತ್ತು. ಮುನಿತಾಯಮ್ಮ ಹುಡುಗಿಯನ್ನು ಒಳಗೆ ಕರೆಯಲಿಲ್ಲ. ತಾನೇ ಬಾಗಿಲಿಗೆ ಅಡ್ಡ ನಿಂತಳು.

"ಆಂಟಿ, ಎದುರು ಮನೆ ಹನುಮವ್ವ ಅವ್ರ ಬಗ್ಗೆ ಅಕ್ಕಪಕ್ಕದೋರನ್ನ ಕೇಳ್ಕೊಂಡು ಬರ್ತಾ ಇದೀನಿ. ನೀವು ಹೇಳಿದ್ದು ಹೊರಗೆ ಹೋಗಲ್ಲ. ಅಂದಹಾಗೆ ಅವತ್ತು ಜ್ಯೂಸ್ ಸೂಪರಾಗಿತ್ತು."

ಎದುರು ಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು.

"ಒಳ್ಳೇಳೇ ಬಿಡವ್ವ," ಎಂದಳು ಮುನಿತಾಯಮ್ಮ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಒಂದ್ ಮಾತು. ನೀವ್ ಬಂದಿದ್ ದಿನ ಅವ್ಳ ಮನೇಲಿ ಫ್ರಿಜ್ ಇತ್ತಾ?"

"ಇರ್ಲಿಲ್ಲ."

"ಕುರ್ಚಿ?"

"ಇಲ್ಲ ಆಂಟಿ. ಚಾಪೆ ಮೇಲೆ ಕೂತಿದ್ವಿ."

"ಈಗೋಗಿ ನೋಡು. ನೀವ್ ಬತ್ತೀರ ಅಂತ ಬೆಳಗ್ಗೇನೇ ಎಲ್ಲಾ ಸಾಗಿಸ್ಬುಟ್ಟಿದ್ಲು."

ಎಲ್ಲಿಗೆ ಎಂದು ಹುಡುಗಿ ಕೇಳಲಿಲ್ಲ, ಇವಳು ಹೇಳಲಿಲ್ಲ. ಆಡಿದ ಒಂದೊಂದು ಮಾತೂ ನಿಜವೇ. ಶರಣ್ಯಾ ಬೀದಿ ದಾಟಿ, ಹನುಮವ್ವನ ಬಾಗಿಲಲ್ಲಿ ಇಣುಕಿ, ಬರೆದುಕೊಂಡು ಹೋದಳು. ಆ ದಿನ ಮುನಿತಾಯಮ್ಮ ಮೂರು ಬ್ಲೌಸ್ ಹೊಲಿದಳು. ಮೂರಕ್ಕೂ ತೋಳು ತಿರುವುಮುರುವಾಗಿ ಕೂತು, ಬಿಚ್ಚಬೇಕಾಯಿತು.

ಎರಡು ದಿನ ಕಳೆದು ಹನುಮವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಕ್ಕಾ, ನನ್ನ ಹೆಸರು ತಡದಾರಂತ! ನಾ ಸಾಮಾನು ಮುಚ್ಚಿಟ್ಟು ಬಡತನ ತೋರ್ಸೀನಂತ. ಯಾವ ಬಾಯಿ ಹೇಳಿತೋ, ಅದರಾಗ ಹುಳ ಬೀಳ್ಲಿ!"

ಮುನಿತಾಯಮ್ಮ ಬಾಯಲ್ಲಿದ್ದ ಗುಂಡುಪಿನ್ನನ್ನು ಮೆಲ್ಲಗೆ ತೆಗೆದಿಟ್ಟಳು.

"ನಾಳಿ ರಾಜಾಜಿನಗರದ ಆಫೀಸಿಗೆ ಕರದಾರ. ನೀ ಬಾ ಅಕ್ಕಾ. ಸಾಮಾನು ನಿನ್ನ ಮನ್ಯಾಗ ಇದ್ದೂ ಅಂತ ನೀ ಒಂದು ಮಾತಂದ್ರ ಮುಗೀತು. ನಿನ್ನ ಬಿಟ್ರ ನನಗಿಲ್ಲಿ ಯಾರದಾರ?"

ಅವಳು ಹೋದ ಮೇಲೆ ಬೈರಯ್ಯ ಬೀಡಿ ಹಚ್ಚಿದ. "ಹೊಟ್ಟೆನೋವು ಅಂತ ಬಿದ್ಕೊ. ಹೋಗ್ಬೇಡ. ನೀ ಸುಮ್ನಿದ್ರೆ ಅಂಗಡಿ ನಮ್ಗೇ ಬತ್ತದೆ."

"ಹೂಂ," ಎಂದಳು ಅವಳು. ಆ ಮಾತು ತನ್ನ ಮನಸ್ಸಿನಲ್ಲಿದ್ದಾಗ ಇಷ್ಟು ಹೊಲಸಾಗಿ ಕೇಳಿಸಿರಲಿಲ್ಲ.

ಬೆಳಗ್ಗೆ ಸೀರೆಯುಟ್ಟು ಹೊರಟಳು. ಬಸ್ಸು ಮುಖ್ಯರಸ್ತೆಗೆ ಬಂದಾಗ ಹನುಮವ್ವ ಕಿಟಕಿಯಿಂದ ತೋರಿಸಿದಳು. "ಅದಽ ನೋಡಕ್ಕ, ಮೂರನೇದು. ನೀಲಿ ಬಾಗಲದ್ದು." ಮುನಿತಾಯಮ್ಮ ನೋಡಿದಳು. ಇಲ್ಲೇ ಇಳಿದು ವಾಪಸ್ ನಡೆದರೆ ಎಂದುಕೊಂಡಳು. ಬಸ್ಸು ನಿಲ್ದಾಣದಲ್ಲಿ ನಿಂತಿತು, ಹೊರಟಿತು.

ಆಫೀಸಿನಲ್ಲಿ ನಂಜುಂಡಪ್ಪ ಎಂಬ ಹಿರಿಯರು ಫೈಲು ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಶರಣ್ಯಾ. ಇಬ್ಬರು ಹೆಂಗಸರೂ ಜೊತೆಯಾಗಿ ಬಂದದ್ದನ್ನು ಕಂಡು ಹುಡುಗಿಯ ಮುಖ ಬಿಳಿಚಿತು.

"ಸಾರ್, ಆ ಸಾಮಾನು ನಾನೇ ಕೇಳಿ ಈಸ್ಕೊಂಡಿದ್ದು," ಎಂದಳು ಮುನಿತಾಯಮ್ಮ. "ನೀವು ಬರೋ ದಿನ ಅವೆಲ್ಲ ನಮ್ಮನೇಲಿದ್ವು. ಇವ್ಳು ಬಚ್ಚಿಟ್ಟಿಲ್ಲ."

ನಂಜುಂಡಪ್ಪ ಕನ್ನಡಕದ ಮೇಲಿಂದ ನೋಡಿದರು. "ನಿಮ್ ಹೆಸರೇನಮ್ಮ? ಮುನಿತಾಯಮ್ಮ. ಸಾಗಿಸ್ಬಿಟ್ಟಿದ್ಲು ಅಂತ ಹೇಳಿರೋರೂ ನೀವೇ ಅಂತಿದೆಯಲ್ಲ ಇಲ್ಲಿ?"

"ಸಾರ್, ಅದನ್ನ ಹೇಳಂಗಿಲ್ಲ..." ಎಂದಳು ಶರಣ್ಯಾ. ತಡವಾಗಿತ್ತು.

ಹನುಮವ್ವ ಪಕ್ಕಕ್ಕೆ ತಿರುಗಿದಳು. ಫೈಲಿನಲ್ಲಿ ತಪ್ಪಾಗಿದೆ, ಬೇರೆ ಯಾರೋ ಎಂದುಬಿಡಲು ಒಂದು ಉಸಿರಿನಷ್ಟು ಹೊತ್ತಿತ್ತು. ಶರಣ್ಯಾ ಹೌದೆನ್ನಲು ಕಾದಿದ್ದಂತೆ ಕಂಡಳು.

"ನಾನೇ ಸಾರ್," ಎಂದಳು ಮುನಿತಾಯಮ್ಮ. "ಹೊಟ್ಟೆಕಿಚ್ಚಿಗೆ ಹೇಳ್ದೆ. ನಂಗ್ ಸಿಗ್ಲಿ ಅಂತ್ಲೂ ಅಲ್ಲ. ಅವ್ಳಿಗೆ ಸಿಗ್ಬಾರ್ದು ಅಂತ."

ನಂಜುಂಡಪ್ಪ ಫೈಲನ್ನು ಪಕ್ಕಕ್ಕೆ ಸರಿಸಿ, "ಬರ್ಕೊಳ್ಳಮ್ಮ ಶರಣ್ಯಾ. ತಡೆ ತೆಗಿ," ಎಂದರು. ಮುನಿತಾಯಮ್ಮ ತೋರಿಸಿದ ಕಡೆ ಸಹಿ ಹಾಕಿದಳು.

ಬಸ್ ನಿಲ್ದಾಣದವರೆಗೆ ಹನುಮವ್ವ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಒಂದು ಸಲ ಮಾತ್ರ ಗಕ್ಕನೆ ತಿರುಗಿ ನಿಂತು, "ಕೇಳಿದ್ರ ಫ್ರಿಜ್ ಕೊಟ್ಟೆ. ಅಂಗಡೀನೂ ಕೇಳಬೇಕಿತ್ತಿಲ್ಲೋ, ಬೈದಾದರೂ ಬೈತಿದ್ದೆ," ಎಂದಳು. ಅಂಗಡಿ ಹೋಯಿತು ಎಂಬ ಸಂಕಟ ಈಗಲೂ ಮುನಿತಾಯಮ್ಮನ ಎದೆಯಲ್ಲಿ ಹಾಗೇ ಕುಳಿತಿತ್ತು. ನಿಜ ಹೇಳಿದ್ದರಿಂದ ಅದು ಎಳ್ಳಷ್ಟೂ ಕರಗಿರಲಿಲ್ಲ.

ಬಸ್ಸಿನಲ್ಲಿ ಹನುಮವ್ವ ಮುಂದಿನ ಸೀಟಿನ ಕಿಟಕಿಗೆ ಕೂತು, ಪಕ್ಕದ ಜಾಗದಲ್ಲಿ ಕೈಚೀಲ ಇಟ್ಟಳು. ಮುನಿತಾಯಮ್ಮ ಅವಳ ಹಿಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರು ಬಂದ.

"ಎಲ್ಲಿಗಮ್ಮ?"

"ಹೇರೋಹಳ್ಳಿ," ಎಂದಳು ಹನುಮವ್ವ. ಸ್ವಲ್ಪ ತಡೆದು, ತಿರುಗಿ ನೋಡದೆ, "ಎರಡು," ಎಂದಳು.

ಕಂಡಕ್ಟರು ಹೆಂಗಸರ ಫ್ರೀ ಟಿಕೆಟ್ ಎರಡು ಹರಿದುಕೊಟ್ಟ. ಒಂದನ್ನು ಅವಳು ಮಡಚಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡಳು. ಇನ್ನೊಂದನ್ನು ಹಿಡಿದ ಕೈ ಸೀಟಿನ ಮೇಲಿಂದ ಹಿಂದಕ್ಕೆ ಚಾಚಿತು. ಕಿಟಕಿಯ ಗಾಳಿಗೆ ಆ ತೆಳ್ಳನೆಯ ಚೀಟಿ ಪಟಪಟ ಹೊಡೆದುಕೊಳ್ಳುತ್ತಿತ್ತು.